ಸುಣ್ಣದ ಹೆಜ್ಜೆಗಳು

ಆ ಮನೆಯ ಮುಂಬಾಗಿಲಿಗೆ ಅಗಳಿ ಬಿದ್ದದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ಒಳಗೆ ನಿಂತು. ರೋಣದ ನಮ್ಮ ಓಣಿಯಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವವರಲ್ಲ, ನಿಜ. ಆದರೆ ಆ ಮನೆಯವರು ಮಲಗುವಾಗಲೂ ಬಾಗಿಲನ್ನು ಸುಮ್ಮನೆ ಮುಂದೆ ಮಾಡಿ ಮಲಗುತ್ತಿದ್ದರು. ಬೆಕ್ಕು ನಾಯಿ ಹಾಗಿರಲಿ, ಒಮ್ಮೆ ಯಾರದೋ ಮನೆಯ ಆಡು ಒಳಗೆ ಹೊಕ್ಕು, ಬೀಸಲಿಕ್ಕೆಂದು ಹಸನು ಮಾಡಿಟ್ಟ ಜೋಳವನ್ನೆಲ್ಲ ತಿಂದು, ಅಲ್ಲೇ ಕಾಲು ಮಡಚಿ ಮಲಗಿತ್ತು. ಓಣಿಯವರೆಲ್ಲ ನಕ್ಕರು. ಮುದುಕಿಗೆ ತಲೆ ಕೆಟ್ಟಿದೆ ಎಂದವರೂ ಇದ್ದರು. ನಾನೂ ನಕ್ಕವಳೇ.

ಆ ಮುದುಕಿಯನ್ನು ಓಣಿಯ ಮಕ್ಕಳು ಆಯಿ ಎಂದು ಕರೆಯುತ್ತಿದ್ದವು. ಮಕ್ಕಳು ಕರೆದದ್ದೇ ದೊಡ್ಡವರಿಗೂ ರೂಢಿಯಾಗಿ, ಅವರ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಅವರು ಹೋಗಿ ವರ್ಷವಾಗುತ್ತ ಬಂತು. ದೀಪಾವಳಿ ಮತ್ತೆ ಹತ್ತಿರ ಬಂದಿದೆ. ಕಿರಾಣಿ ಅಂಗಡಿಯ ಮುಂದೆ ಸುಣ್ಣದ ಪಾಕೀಟುಗಳನ್ನು ಒಟ್ಟಿದ್ದು ಕಂಡರೆ ನನ್ನ ಅಂಗಾಲು ತಣ್ಣಗಾಗುತ್ತದೆ. ಯಾಕೆಂದು ಹೇಳಬೇಕಾದರೆ ಅವರು ಎಂಥವರು ಎನ್ನುವುದರಿಂದಲೇ ಶುರು ಮಾಡಬೇಕು.

ನಾನು ಗಜೇಂದ್ರಗಡದ ಒಂದು ಪತ್ತಿನ ಸಂಘದಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ಬಸ್ಸು ಹತ್ತಿದರೆ ತಿರುಗಿ ರೋಣ ಕಾಣುವುದು ದೀಪ ಹಚ್ಚುವ ಹೊತ್ತಿಗೆ. ಮಗಳು ಆಗ ಅಂಗನವಾಡಿಗೆ ಹೋಗುತ್ತಿದ್ದಳು. ಮಧ್ಯಾಹ್ನದ ಮೇಲೆ ಅವಳನ್ನು ನೋಡಿಕೊಳ್ಳುವವರು ಬೇಕಾಗಿತ್ತು. ಎದುರು ಮನೆಯಲ್ಲಿ ಆಯಿ ಮತ್ತು ಅವರ ತಂಗಿ, ಇಬ್ಬರೇ ಇದ್ದರು. ತಂಗಿಗೆ ಓಣಿಯವರೆಲ್ಲ ಚಿಗವ್ವ ಎನ್ನುತ್ತಿದ್ದರು. ಆಗಲೇ ಓಣಿಯ ನಾಲ್ಕಾರು ಚಿಕ್ಕ ಮಕ್ಕಳು ಆಯಿಯ ಪಡಸಾಲೆಯಲ್ಲಿ ಮಣ್ಣು, ಕಾಗದ ಎಂದು ಏನೇನೋ ಮಾಡುತ್ತ ಬಿದ್ದಿರುತ್ತಿದ್ದವು. ನಾನೂ ಹೋಗಿ ಕೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಮಗಳ ಮುಖವನ್ನೂ ನೋಡಲಿಲ್ಲ. ಅವಳ ಕಾಲು ನೋಡಿದರು.

"ಚಪ್ಪಲಿ ಬಿಚ್ಚಿಸಿ ಕಳಸು. ಕೂಸಿನ ಕಾಲು ನನಗ ಕಾಣಬೇಕು" ಎಂದರು.

ಅಷ್ಟೇ ಮಾತುಕತೆ. ರೊಕ್ಕದ ಮಾತು ಎತ್ತಿದರೆ ಎದ್ದು ಒಳಗೆ ಹೋಗಿಬಿಟ್ಟರು.

ಮೊದಲ ದಿನ ಸಂಜೆ ಹೋಗಿ ನೋಡುತ್ತೇನೆ, ಮಗಳ ಮೂಗಿನ ಮೇಲೆ ಕನ್ನಡಕ! ಜೋಳದ ದಂಟಿನ ಸಿಪ್ಪೆ ಸುಲಿದು, ಬಗ್ಗಿಸಿ, ಒಳಗಿನ ಬೆಂಡಿನ ತುಂಡುಗಳಿಗೆ ಚುಚ್ಚಿ ಮಾಡಿದ್ದು. ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಅದು ಹೊಸದಲ್ಲ, ನಾನೂ ಚಿಕ್ಕವಳಿದ್ದಾಗ ಹಾಕಿಕೊಂಡಿದ್ದೇನೆ. ಆದರೆ ಇಪ್ಪತ್ತು ರೂಪಾಯಿಗೆ ಪ್ಲಾಸ್ಟಿಕ್ಕಿನದು ಸಿಗುವ ಈ ಕಾಲದಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಮಗಳು ಅದನ್ನು ಹಾಕಿಕೊಂಡೇ ಉಂಡಳು, ಹಾಕಿಕೊಂಡೇ ಮಲಗಿದಳು.

ಆ ಪಡಸಾಲೆಗೆ ಅಂಗಡಿಯ ಬಣ್ಣದ ಒಂದು ಡಬ್ಬಿಯೂ ಬಂದದ್ದನ್ನು ನಾನು ಕಾಣೆ. ಅರಿಸಿನಕ್ಕೆ ಸುಣ್ಣ ಕಲಸಿದರೆ ಕೆಂಪು ಏಳುತ್ತದಲ್ಲ, ಅದನ್ನು ಅವರು ಪ್ರತಿಸಲವೂ ಮಕ್ಕಳ ಕಣ್ಣ ಮುಂದೆಯೇ ಮಾಡುವರು. ಮಕ್ಕಳು ಪ್ರತಿಸಲವೂ ಹೋ ಎನ್ನುವವು. ಹಸಿರಿಗೆ ಅವರೆ ಎಲೆ ತಿಕ್ಕುವುದು, ಕಪ್ಪಿಗೆ ಒಲೆಯ ಮಸಿ. ಓಣಿಯಲ್ಲಿ ಯಾರದೇ ಮದುವೆಯಾಗಲಿ, ಕಾರ್ಡುಗಳೆಲ್ಲ ಕೊನೆಗೆ ಆಯಿಯ ಮನೆ ಸೇರಬೇಕು. ಮಕ್ಕಳು ಅವನ್ನು ಕತ್ತರಿಸಿ, ಮೈದಾ ಹಿಟ್ಟಿನ ಅಂಟು ಹಚ್ಚಿ ತೋರಣ ಮಾಡುವವು. ಅವರ ಬಾಗಿಲಲ್ಲಿ ಕಾರ್ಡಿನ ಮೇಲಿನ ಯಾರದೋ ಗಂಡ, ಇನ್ಯಾರದೋ ಹೆಂಡತಿ ಅಕ್ಕಪಕ್ಕ ತೂಗಾಡುತ್ತಿದ್ದುದನ್ನು ನೋಡಿ ನಾನು ಒಬ್ಬಳೇ ನಗುತ್ತ ಬಸ್ಸಿಗೆ ಹೋಗಿದ್ದುಂಟು.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಂದು ಮಣ್ಣಿನ ಗೊಂಬೆ ಗುಳ್ಳವ್ವ. ಗುಳ್ಳವ್ವನ ಕಣ್ಣಿಗೆ ಗುಲಗಂಜಿ, ಸೀರೆಗೆ ಒಡೆದ ಬಳೆಯ ಚೂರು, ಕೊರಳಿಗೆ ಕುಸುಬಿಯ ಕಾಳು. ಒಂದು ವರ್ಷ ಮಗಳು ಮಾಡಿದ ಎತ್ತಿಗೆ ಮೂರೇ ಕಾಲು. ನಾನು ಮಣ್ಣು ತಗೊಂಡು ನಾಲ್ಕನೆಯದನ್ನು ಹಚ್ಚಲು ಹೋದೆ. ಆಯಿ ನನ್ನ ಕೈಗೆ ಪಟ್ಟನೆ ಹೊಡೆದರು.

"ಅದಕ್ಕ ಕಾಲು ಯಾಕ ಹಚ್ಚತಿ? ನಾಕ ಕಾಲು ಬಂದ್ವಂದ್ರ ಎದ್ದು ಹೋಗತೈತಿ. ಮೂರಿದ್ರ ಮನ್ಯಾಗ ಇರತೈತಿ."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗದೇ ಇದ್ದದ್ದು ನನಗೆ ಆಮೇಲೆ ನೆನಪಾಯಿತು.

ನಗುವುದೇ ಇಲ್ಲ ಎನ್ನುವ ಹೆಂಗಸೇನಲ್ಲ ಅವರು. ಮಕ್ಕಳೊಡನೆ ಕೂತರೆ ಅವರ ಗಂಟಲಿನಿಂದ ಕೋಳಿ ಕೂಗಿದಂಥ ಒಂದು ನಗೆ ಬರುತ್ತಿತ್ತು. ಆದರೆ ಕೂಡುವ ರೀತಿಯೇ ಬೇರೆ. ಮಕ್ಕಳನ್ನು ಒಳಗೆ ದೇವರ ಜಗಲಿಯ ಕಡೆಗೆ ಕೂಡಿಸಿ, ತಾವು ಹೊಸ್ತಿಲಿನ ಒಳಬದಿಗೆ ಗೋಡೆಗೆ ಆತು ಕೂತು, ಒಂದು ಕಾಲನ್ನು ಬಾಗಿಲಿಗೆ ಅಡ್ಡ ಚಾಚಿಬಿಡುವರು. ಯಾವ ಮಗುವೂ ಆ ಕಾಲನ್ನು ದಾಟದೆ ಹೊರಗೆ ಬರುವ ಹಾಗಿರಲಿಲ್ಲ. ನನಗೆ ಅದು ಮೊಣಕಾಲು ನೋವು ಎನಿಸಿತ್ತು. ಗಜೇಂದ್ರಗಡದಿಂದ ಒಂದು ಮುಲಾಮನ್ನು ಕೂಡ ತಂದುಕೊಟ್ಟೆ. ಅದನ್ನು ಅವರು ಚಿಗವ್ವನ ಬೆನ್ನಿಗೆ ಹಚ್ಚಿ ಮುಗಿಸಿದರು.

ಇನ್ನೊಂದು ಅವರ ಕೂಗು. ಕೈಯಲ್ಲಿ ಕತ್ತರಿ ಇರಲಿ, ಕಣ್ಣು ಸೂಜಿಯ ಮೇಲಿರಲಿ, ತಲೆ ಎತ್ತದೆ ಕೇಳುವರು: "ಎಲ್ಲಿ ಅದೀರಿ?"

ಮಕ್ಕಳೆಲ್ಲ ಒಟ್ಟಿಗೆ ಅನ್ನಬೇಕು: "ಇಲ್ಲೇ ಅದೀವಿ, ಆಯಿ!"

ಯಾವುದಾದರೂ ಮಗು ಅನ್ನದಿದ್ದರೆ ಕೆಲಸ ನಿಲ್ಲುವುದು. ಅದು ಅಂದ ಮೇಲೇ ಕತ್ತರಿ ಮುಂದೆ ಹೋಗುವುದು. ನಮ್ಮ ಮನೆಯ ಅಡುಗೆಮನೆಗೆ ಆ ಕೂಗು ಬೆಳಗಿನ ಹಾಲಿನವನ ಕೂಗಿನಷ್ಟೇ ರೂಢಿಯಾಗಿ, ಕೇಳಿದರೂ ಕೇಳಿಸದ ಹಾಗಾಗಿತ್ತು. ರಜೆಯ ದಿನ ರೊಟ್ಟಿ ಬಡಿಯುತ್ತ ನಾನೇ ಒಮ್ಮೆ ಬಾಯಿ ತಪ್ಪಿ "ಇಲ್ಲೇ ಅದೀನಿ" ಎಂದದ್ದಕ್ಕೆ ನಮ್ಮ ಮನೆಯವರು ಪೇಪರ್ ಕೆಳಗಿಟ್ಟು ನನ್ನನ್ನು ನೋಡಿದ್ದರು.

ಮೂರನೆಯದು ನನಗೆ ಸಿಟ್ಟು ತರಿಸಿದ ರೂಢಿ. ಮಗು ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿತೋ, ಅವತ್ತಿನಿಂದ ಅದಕ್ಕೆ ಆಯಿಯ ಮನೆ ಬಂದ್. ಅಳಲಿ, ಕಾಲಿಗೆ ಬೀಳಲಿ, ಒಳಗೆ ಬಿಡುತ್ತಿರಲಿಲ್ಲ. ಇಷ್ಟು ವರ್ಷ ತೊಡೆಯ ಮೇಲೆ ಕೂಡಿಸಿಕೊಂಡ ಮಗುವನ್ನು ಓಣಿಯಲ್ಲಿ ಎದುರಿಗೆ ಕಂಡರೂ ಗುರುತಿಲ್ಲದವರ ಹಾಗೆ ದಾಟಿ ಹೋಗುವರು. ಎಂಥ ಕಲ್ಲುಮನಸ್ಸು ಎನ್ನಿಸುತ್ತಿತ್ತು ನನಗೆ.

ದೀಪಾವಳಿ ಅಮಾವಾಸ್ಯೆಗೆ ನಮ್ಮ ಕಡೆ ಮನೆ ಮನೆಯಲ್ಲೂ ಲಕ್ಷ್ಮಿಯ ಪಾದ ಮೂಡಿಸುತ್ತಾರೆ. ಮುಷ್ಟಿ ಕಟ್ಟಿ, ಕಿರುಬೆರಳಿನ ಕಡೆಯ ಅಂಚನ್ನು ಸುಣ್ಣದಲ್ಲಿ ಅದ್ದಿ ನೆಲಕ್ಕೆ ಒತ್ತಿದರೆ ಸಾಕು, ಎಳೆ ಮಗುವಿನ ಅಂಗಾಲು. ಮೇಲೆ ಬೆರಳ ತುದಿಯಿಂದ ಐದು ಚುಕ್ಕೆ ಇಟ್ಟರೆ ಕಾಲಬೆರಳು. ಎಡಮುಷ್ಟಿ ಎಡಗಾಲು, ಬಲಮುಷ್ಟಿ ಬಲಗಾಲು. ಎಲ್ಲರ ಮನೆಯಲ್ಲಿ ಹೊಸ್ತಿಲಿನಿಂದ ಜಗಲಿಯವರೆಗೆ ನಾಲ್ಕು ಹೆಜ್ಜೆ ಇಟ್ಟರೆ ಮುಗಿಯಿತು. ಆಯಿಯ ಮನೆಗೆ ಬರುವ ಹೆಜ್ಜೆಗಳು ಮಾತ್ರ ಓಣಿಯ ತಿರುವಿನಲ್ಲಿ, ನಳದ ಹತ್ತಿರ ಶುರುವಾಗುತ್ತಿದ್ದವು. ಹಳೆಯ ಸುಣ್ಣದ ತಿಳಿಗೆ ಅಕ್ಕಿಹಿಟ್ಟು ಕಲಸಿ, ಮಕ್ಕಳ ಕೈಗೆ ಮೊದಲು ಕುಸುಬಿ ಎಣ್ಣೆ ಸವರಿ, ಎಲ್ಲರನ್ನೂ ಸಾಲಾಗಿ ಕೂಡಿಸಿ, ಬಿಸಿಲು ಇಳಿಯುವವರೆಗೂ ಒತ್ತಿಸುವರು. ಸೈಕಲ್ಲಿನವರು, ಬೈಕಿನವರು ಬೈದುಕೊಳ್ಳುತ್ತ ಅಂಚಿನಲ್ಲಿ ಹೋಗಬೇಕು. ಯಾರಾದರೂ ತುಳಿದರೆ ಆ ಹೆಜ್ಜೆಯನ್ನು ಮತ್ತೆ ಮೂಡಿಸಬೇಕು.

ಮಗಳು ಅಲ್ಲಿಗೆ ಹೋಗತೊಡಗಿದ ಮೊದಲ ವರ್ಷ ನಾನು ಚೇಷ್ಟೆ ಮಾಡಿದೆ. "ಏನ್ರಿ ಆಯಿ, ನಿಮ್ಮ ಲಕ್ಷ್ಮಿ ಬಸ್ ಸ್ಟ್ಯಾಂಡಿನಿಂದ ನಡಕೊಂತ ಬರ್ತಾಳೇನ್ರಿ?"

"ಹೌದವ್ವಾ. ಬಸ್ ಇಳದು ಯಾ ಕಡೆ ಹೊಳ್ಳಬೇಕು ಅಂತ ಗೊತ್ತಾಗಬೇಕಲ್ಲ ಆಕಿಗೆ" ಎಂದರು. ಕೈ ನಿಲ್ಲಲಿಲ್ಲ.

ಮರುವರ್ಷದ ಅಮಾವಾಸ್ಯೆಯಂದು ನಮಗೆ ಅರ್ಧ ದಿನದ ಕೆಲಸವಿತ್ತು. ಬಸ್ಸಿನಿಂದ ಇಳಿದು ಓಣಿಗೆ ಬಂದರೆ ಆಯಿಯ ಮನೆಯಿಂದ ಮಗಳು ಕಿರುಚುವುದು ಕೇಳಿತು. ಓಡಿಹೋದೆ. ಆಯಿ ಬಾಗಿಲಲ್ಲಿ ಮೊಣಕಾಲೂರಿ ಬಿದ್ದಿದ್ದರು. ಒಂದು ಕೈಯಲ್ಲಿ ಮಗಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ತಮ್ಮ ಸೆರಗಿನಿಂದ ನೆಲ ಒರೆಸುತ್ತಿದ್ದರು. ಸೀರೆ, ಕೂದಲು, ಮುಖ, ಎಲ್ಲ ಸುಣ್ಣ. ಹಬ್ಬದ ಸೀರೆ ಅದು.

ಮಗಳನ್ನು ಕಿತ್ತುಕೊಂಡೆ. ಅವಳ ರಟ್ಟೆಯ ಮೇಲೆ ಆಯಿಯ ಬೆರಳು ಮೂಡಿದ್ದವು. "ಏನ್ರಿ ಇದು ಆಯಿ? ಕೂಸಿಗೆ ಹಿಂಗ ಅಂಜಸ್ತಾರೇನ್ರಿ?" ಎಂದು ಕೂಗಾಡಿದೆ.

"ಹೊರಗ ಹೊಂಟಿದ್ಳು" ಎಂದರು ಆಯಿ.

"ಎಲ್ಲಿ ಹೊಂಟಿದ್ಳು? ಇಲ್ಲೇ ಅದಾಳಲ್ಲ?"

"ಹೆಜ್ಜಿ ಹೋಗ್ಯಾವ, ನೋಡು."

ನೋಡಿದೆ. ಆಯಿ ಹಿಟ್ಟು ಕಲಸಲು ಒಳಗೆ ಹೋದಾಗ ಮಗಳು ಜಗಲಿಯ ಮುಂದೆ ಕೂತು, ಬಾಗಿಲಿಗೆ ಮುಖ ಮಾಡಿ ಒತ್ತುತ್ತ ಬಂದಿದ್ದಳು. ಜಗಲಿಯಿಂದ ಬಾಗಿಲಿಗೆ. ಒಳಗೆ ಬರಬೇಕಾದ ಕಾಲುಗಳು ಸಾಲಾಗಿ ಹೊರಗೆ ಹೊರಟಿದ್ದವು. ನಾಲ್ಕು ವರ್ಷದ ಮಗು, ತನ್ನ ಮುಖ ಎತ್ತ ಇದೆಯೋ ಅತ್ತ ಒತ್ತಿತ್ತು. ಇದಕ್ಕಾಗಿ ಇಷ್ಟು ರಂಪವೇ ಎಂದು ಮಗಳನ್ನೆತ್ತಿಕೊಂಡು ಮನೆಗೆ ಬಂದೆ. ನಾಳೆಯಿಂದ ಬೇರೆ ಏನಾದರೂ ವ್ಯವಸ್ಥೆ ನೋಡಬೇಕು ಎಂದು ನಮ್ಮ ಮನೆಯವರಿಗೆ ಹೇಳಿಯೂಬಿಟ್ಟೆ.

ಮರುದಿನ ಚಿಗವ್ವ ಒಂದು ಬಟ್ಟಲು ಕರ್ಚಿಕಾಯಿ ಹಿಡಿದು ನಮ್ಮ ಕಟ್ಟೆಗೆ ಬಂದು ಕೂತರು.

"ನಮ್ಮಕ್ಕಗ ಒಂದು ಮಗಳಿತ್ತು, ತಂಗಿ" ಎಂದರು ಆಮೇಲೆ. "ಹೊಳೆಆಲೂರಾಗ ಇದ್ರು ಆವಾಗ, ಸ್ಟೇಷನ್ನಿನ ಹಂತೇಕ ಮನಿ. ಹಿಂಗ ಅಮಾಸಿ ದಿನಾನ. ಕೂಸಿಗೆ ಪಾದ ಒತ್ತೂದು ಕಲಿಸಿ, ಸುಣ್ಣದ ಬಟ್ಟಲ ಕೊಟ್ಟು, ಹೋಳಿಗಿ ಸೀತಾವು ಅಂತ ಒಳಗ ಹೋಗ್ಯಾಳ. ನಾಕೈದು ಹೋಳಿಗಿ ಹೊಳ್ಳಿಸಿ ಹಾಕೂದ್ರಾಗ ಬಂದು ನೋಡ್ತಾಳ, ಜಗಲಿಯಿಂದ ಹೊರಗ ಹೆಜ್ಜಿ. ಮೆಟ್ಟಲಾ ಇಳದು, ಅಂಗಳಾ ದಾಟಿ, ರಸ್ತೇಕ. ನಿನ್ನ ಮಗಳು ಇಟ್ಟಾಳಲ್ಲ, ಹಂಗ. ಬಟ್ಟಲದಾಗ ಸುಣ್ಣ ಇರೂತನಾ ಇಟ್ಟಾಳ. ಬಟ್ಟಲಾ ರಸ್ತೇದಾಗ ಬಿದ್ದಿತ್ತು. ಕೂಸಿಲ್ಲ."

"ಸಿಗಲಿಲ್ಲೇನ್ರಿ?"

"ಇಲ್ಲ. ಹೊಳಿಗೆ ಬಿತ್ತು ಅಂದ್ರು ಕೆಲವರು. ರೈಲಿನಾಗ ಯಾರೋ ಎತ್ತಿಕೊಂಡು ಹೋದ್ರು ಅಂದ್ರು. ಅಕ್ಕನ ಗಂಡ ಹೊಳಿ ದಂಡೀಗುಂಟ ತಿರಗಿ ತಿರಗಿ ಹಾಸಿಗಿ ಹಿಡದು ಹೋದ. ಈಕಿ ಮಾತ್ರ ಅಲ್ಲೇ ಬಾಗಲಾ ತಗದಿಟ್ಟುಕೊಂಡು ಕುಂತ್ಳು. ಆಮ್ಯಾಲ ಹೊಳಿ ಬಂದು ಆ ಮನೀನ ಹೋತು. ಆವಾಗ ನಾ ಇಲ್ಲಿಗೆ ಕರಕೊಂಡು ಬಂದೆ. ಬಂದಾಗಿಂದ ಒಂದ ಮಾತು: ಆಕಿ ಆ ಮನಿಗೆ ಬಂದ್ರ ಮನೀನ ಇಲ್ಲ, ಇಲ್ಲಿ ದಾರಿ ಹ್ಯಾಂಗ ಗೊತ್ತಾಗಬೇಕು? ಅದಕ್ಕ ನೋಡು, ನಳದ ತನಕಾ ಹೆಜ್ಜಿ."

ನಾನು ಒಳಗೆ ಹೋಗಿ, ಮಲಗಿದ್ದ ಮಗಳ ಪಕ್ಕದಲ್ಲಿ ಕೂತೆ. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಬಂತು. ಎಷ್ಟೋ ವರ್ಷಗಳ ಹಿಂದೆ ಒಂದು ಮಗು ಮಾಡಿದ ತಪ್ಪನ್ನು ನನ್ನ ಮಗಳು ಅದೇ ತಿಥಿಗೆ ಅದೇ ಕೈಯಿಂದ ಕಲಿತು ಮತ್ತೆ ಮಾಡಿದ್ದಳು. ಆದರೂ ಮೂರನೆಯ ದಿನ ಅವಳನ್ನು ಬರಿಗಾಲಿನಲ್ಲಿ ಆಯಿಯ ಮನೆಗೆ ಕಳಿಸಿದೆ. ಯಾಕೆ ಎಂದು ನಮ್ಮ ಮನೆಯವರು ಕೇಳಿದರು. ಆ ಕಾಲು ಚಾಚಿಕೊಂಡು ಕೂತ ಬಾಗಿಲಿಗಿಂತ ಭದ್ರವಾದ ಜಾಗ ಈ ಊರಿನಲ್ಲಿ ಇನ್ನೊಂದಿಲ್ಲ ಎಂದೆ.

ಆಮೇಲೆ ಮಗಳೂ ಒಂದನೆಯ ಇಯತ್ತೆಗೆ ಹೋದಳು. ಅವತ್ತು ಆಯಿ ಅವಳಿಗೊಂದು ಜೋಳದ ದಂಟಿನ ಚಕ್ಕಡಿ ಮಾಡಿ ಕೊಟ್ಟು, ಹೊಸ್ತಿಲಿನ ಆಚೆ ನಿಲ್ಲಿಸಿ ಹೇಳಿದರು: "ನೀ ಈಗ ದೊಡ್ಡಾಕಿ ಆದಿ. ದೊಡ್ಡವರು ದಾರಿ ತಪ್ಪಂಗಿಲ್ಲ. ಇನ್ನ ಬರಬ್ಯಾಡ." ಮಗಳು ಅತ್ತು ಜ್ವರ ಬರಿಸಿಕೊಂಡಳು. ನನಗೆ ಈ ಸಲ ಸಿಟ್ಟು ಬರಲಿಲ್ಲ. ಅವರು ಕಲ್ಲುಮನಸ್ಸಿನವರಲ್ಲ. ದೊಡ್ಡದಾಗುವ ಮಗುವನ್ನು ನೋಡುವ ರೂಢಿ ಅವರ ಕಣ್ಣಿಗಿರಲಿಲ್ಲ, ಅಷ್ಟೇ.

ಹೋದ ದೀಪಾವಳಿಯ ಮುಂದೆ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ನಡುವಿನ ಎಲುಬು ಮುರಿದುಕೊಂಡರು. ಗದಗಿನ ದವಾಖಾನೆಯಿಂದ ಮನೆಗೆ ಕಳಿಸಿಬಿಟ್ಟರು. ಬಾಗಿಲು ಕಾಣುವಂತೆ ಮಂಚವನ್ನು ಪಡಸಾಲೆಯಲ್ಲೇ ಹಾಕಿಸಿಕೊಂಡಿದ್ದರು. ಮೈ ಸವೆದು ಒಂದು ಹಿಡಿಯಾಗಿತ್ತು, ಊಟ ಸೇರುತ್ತಿರಲಿಲ್ಲ. ಆದರೆ ಜೀವ ಹೋಗುತ್ತಿರಲಿಲ್ಲ. ಇರುವುದೂ ಆಗದು, ಹೋಗುವುದೂ ಆಗದು ಎನ್ನುವಂಥ ಒಂದು ಸಂಕಟ. "ಬಾಗಲಾ ನೋಡಕೋತ ಮಲಗ್ಯಾಳವ್ವ, ಕಣ್ಣು ಮುಚ್ಚವಲ್ಲಳು" ಎಂದು ಚಿಗವ್ವ ಅಳುತ್ತಿದ್ದರು.

ಅಮಾವಾಸ್ಯೆಯ ಮಧ್ಯಾಹ್ನ ಓಣಿಯ ಚಿಕ್ಕ ಮಕ್ಕಳು ತಾವೇ ನಳದಿಂದ ಪಾದ ಒತ್ತುತ್ತ ಬಂದವು. ನಾನು ಒಂದು ತಾಟಿನಲ್ಲಿ ಹಬ್ಬದ ತಿಂಡಿ, ಫರಾಳ, ತಗೊಂಡು ಹೋದೆ. ಮಗಳು ಜೊತೆಗೆ ಬಂದಳು, ಆದರೆ ಹೊಸ್ತಿಲು ದಾಟಲಿಲ್ಲ. ಬರಬ್ಯಾಡ ಎಂದಿದ್ದನ್ನು ಅವಳು ಮರೆತಿರಲಿಲ್ಲ. ಬಾಗಿಲಲ್ಲಿ ನಿಂತಳು. ಅವಳ ಎರಡು ಬರಿಗಾಲುಗಳ ಪಕ್ಕದಲ್ಲಿ ಮುಷ್ಟಿಯ ಎರಡು ಸುಣ್ಣದ ಕಾಲುಗಳು.

ಆಯಿ ಮಂಚದಿಂದ ಅದನ್ನು ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು.

"ನಿನ್ನ ಕಾಲು ಇಷ್ಟು ದೊಡ್ಡು ಯಾವಾಗ ಆದ್ವು?" ಎಂದು ಕೇಳಿದರು.

ಮಗಳು ನನ್ನ ಕಡೆ ನೋಡಿದಳು.

"ತಂಗಿ" ಎಂದು ಆಯಿ ಚಿಗವ್ವನನ್ನು ಕರೆದರು. "ನಾ ತಪ್ಪು ಮಾಡೀನಿ. ನನ್ನ ಮಗಳು ಈಗ ಸಣ್ಣಾಕಿ ಅಲ್ಲ. ನಾ ವರ್ಷಾ ವರ್ಷಾ ಸಣ್ಣ ಕಾಲು ಇಟ್ಟು ಕರದೀನಿ. ಆಕಿ ಬಂದಾಳ. ನಳದ ತನಕಾ ಬಂದಾಳ. ಬಂದು ಹೆಜ್ಜಿ ನೋಡಿ, ಇವು ನನ್ನ ಕಾಲಲ್ಲ, ಇದು ಬ್ಯಾರೆ ಯಾರದೋ ಮನಿ ಅಂತ ಹೊಳ್ಳಿ ಹೋಗ್ಯಾಳ."

ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡರು. ಆಯಿ ಆಗ ನನ್ನ ಕಾಲು ನೋಡಿದರು.

"ನಿನಗೆಷ್ಟು ವಯಸ್ಸವ್ವಾ?"

ಹೇಳಿದೆ.

"ಆಕೀ ವಾರಗಿ" ಎಂದರು. "ನಳದಿಂದ ನಡಕೊಂತ ಬಾ. ಸುಣ್ಣದಾಗ ಕಾಲಿಟ್ಟು ಬಾ. ಒಂದ ಸಲ."

"ಅಕ್ಕಾ, ಹಬ್ಬದ ದಿನ ಇದೇನು ಮಾತು!" ಎಂದರು ಚಿಗವ್ವ. "ಆಕೀಗೊಂದು ಮಗಳದಾಳ. ಆಕಿ ಕಡಿಂದ ಇಂಥಾದ್ದು ಮಾಡಸ್ತಾರೇನು?"

ಚಿಗವ್ವನ ಭಯವೇ ನನ್ನ ಭಯವೂ ಆಗಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಓಡಿಹೋಗಬೇಕು ಅನ್ನಿಸಿತು. ಬದುಕಿದೆಯೋ ಇಲ್ಲವೋ ಗೊತ್ತಿಲ್ಲದ ಒಂದು ಜೀವದ ಹೆಜ್ಜೆಯನ್ನು ನನ್ನ ಕಾಲಿನಿಂದ ಇಡುವುದು ಅಂದರೆ ಏನು? ನಾನು ಒಳಗೆ ಕರೆದುಕೊಂಡು ಬರುವುದು ಯಾರನ್ನು? ನರಗುಂದದಲ್ಲಿ ನನ್ನನ್ನು ಹೆತ್ತವಳು ಗಟ್ಟಿಯಾಗಿದ್ದಾಳೆ, ಅವಳಿಗೆ ತಿಳಿದರೆ? ಫರಾಳದ ತಾಟನ್ನು ಕೆಳಗಿಟ್ಟು ಹೊರಗೆ ಬಂದೆ. ಮಗಳ ಕೈ ಹಿಡಿದು ಮನೆಯ ಕಡೆ ತಿರುಗಿಯೂಬಿಟ್ಟಿದ್ದೆ.

ಹಿಂದಿನಿಂದ ಕೂಗು ಬಂತು. "ಎಲ್ಲಿ ಅದೀರಿ?"

ಓಣಿಯ ಮಕ್ಕಳು ಒಟ್ಟಿಗೆ ಅಂದವು, "ಇಲ್ಲೇ ಅದೀವಿ, ಆಯಿ!"

ಎಲ್ಲ ಮಕ್ಕಳೂ ಅಂದಿದ್ದವು. ಆದರೂ ಕೂಗು ಮತ್ತೆ ಬಂತು, ಈ ಸಲ ಸಣ್ಣಗೆ, ಒಬ್ಬಳಿಗೇ. "ಎಲ್ಲಿ ಅದೀ?"

ಇದಕ್ಕೆ ಯಾರೂ ಏನೂ ಅನ್ನಲಿಲ್ಲ. ಇಷ್ಟೂ ವರ್ಷ ಆ ಮನೆಯಿಂದ ಈ ಕೂಗಿನ ಹಿಂದೆ ಇನ್ನೊಂದು ಕೂಗು ಇದ್ದಿರಬೇಕು, ನಮಗೆ ಕೇಳಿರಲಿಲ್ಲ. ನನ್ನ ಕಾಲು ಮುಂದೆ ಹೋಗಲಿಲ್ಲ.

ನಳದ ಹತ್ತಿರ ಮಕ್ಕಳು ಬಿಟ್ಟುಹೋಗಿದ್ದ ಅಗಲವಾದ ಪರಾತದಲ್ಲಿ ಸುಣ್ಣವಿತ್ತು. ಸೀರೆ ಎತ್ತಿಕಟ್ಟಿ ಎರಡೂ ಕಾಲು ಇಟ್ಟೆ. ತಣ್ಣಗೆ ಕೊರೆಯಿತು. ಮಗಳು ಪರಾತವನ್ನು ಎತ್ತಿಕೊಂಡು ಪಕ್ಕದಲ್ಲಿ ನಡೆದಳು. ಹೆಜ್ಜೆ ಮಸುಕಾದ ಕೂಡಲೇ ಕೆಳಗಿಡುವಳು, ನಾನು ಮತ್ತೆ ಅದ್ದುವೆನು. ಓಣಿಯವರು ಕಟ್ಟೆಗಳ ಮೇಲೆ ಎದ್ದು ನಿಂತರು. ಮಕ್ಕಳು ಒತ್ತಿದ ಚಿಕ್ಕ ಪಾದಗಳ ಮೇಲೆ ನನ್ನ ದೊಡ್ಡ ಕಾಲು ಬೀಳುತ್ತ ಬಂತು. ಮದುವೆಯಾಗಿ ಈ ಓಣಿಗೆ ಬಂದಾಗ ಕುಂಕುಮದ ನೀರಿನಲ್ಲಿ ಕಾಲಿಟ್ಟು ಎದುರಿನ ನಮ್ಮ ಮನೆಗೆ ಸೊಸೆಯಾಗಿ ನಡೆದವಳು ನಾನು. ಹೊಸ್ತಿಲಿನಲ್ಲಿ ಮಗಳು ನಿಂತುಬಿಟ್ಟಳು. ನಾನು ಬಲಗಾಲು ಮುಂದಿಟ್ಟು ಒಳಗೆ ಹೋದೆ.

ಆಯಿ ನನ್ನ ಮುಖ ನೋಡಲೇ ಇಲ್ಲ. ಕಾಲುಗಳು ಮಂಚದವರೆಗೆ ಬರುವುದನ್ನೇ ನೋಡಿದರು. ಬಂದ ಮೇಲೆ ಕೈ ಇಳಿಬಿಟ್ಟು ನನ್ನ ಹೆಬ್ಬೆರಳನ್ನು ಮುಟ್ಟಿದರು, ಒಂದೊಂದೇ ಬೆರಳನ್ನು ಮುಟ್ಟುತ್ತ ಹೋದರು.

"ಎಲ್ಲಿ ಅದೀ?"

"ಇಲ್ಲೇ ಅದೀನಿ" ಎಂದೆ. ಆಯಿ ಎನ್ನಬೇಕೆಂದುಕೊಂಡಿದ್ದೆ. ಬಾಯಿಂದ "ಅವ್ವಾ" ಎಂದು ಬಂತು.

"ಇಷ್ಟೊತ್ತನಾ ಎಲ್ಲಿ ಹೋಗಿದ್ದಿ? ಹೋಳಿಗಿ ಆರಿ ಹೋದ್ವು" ಎಂದು ಬೈದರು. ನಿಜವಾಗಿಯೂ ಬೈದರು, ಸಂಜೆ ತಡವಾಗಿ ಬಂದ ಮಗಳನ್ನು ಬೈಯುವ ಹಾಗೆ. ಆಮೇಲೆ ಚಿಗವ್ವನ ಕಡೆ ತಿರುಗಿ, "ಅಗಳಿ ಹಾಕು ಇನ್ನ. ಎಲ್ಲಾರೂ ಒಳಗ ಬಂದ್ರು" ಎಂದರು.

ಎಂದೂ ಹಾಕದ ಅಗಳಿ, ಕಚ್ಚಿಕೊಂಡುಬಿಟ್ಟಿತ್ತು. ಚಿಗವ್ವ ಒಳಕಲ್ಲಿನ ಗುಂಡು ತಂದು ಬಡಿದು ಬಡಿದು ಅದನ್ನು ಕೂರಿಸಿದರು. ಪಡಸಾಲೆ ಕತ್ತಲಾಯಿತು. ಆಯಿ ನನ್ನ ಕೈಯನ್ನು ಹಿಡಿದುಕೊಂಡು ಕಣ್ಣು ಮುಚ್ಚಿದರು.

ಆಗ ಹೊರಗಿನಿಂದ ಬಾಗಿಲು ಬಡಿಯುವುದು ಕೇಳಿತು. ನನ್ನ ಮಗಳು.

"ಅವ್ವಾ! ಅವ್ವಾ, ಎಲ್ಲಿ ಅದೀ?"

ಆಯಿಯ ಕೈ ನನ್ನ ಕೈಯೊಳಗೆ ಸಡಿಲವಾಗುತ್ತಿತ್ತು. ನಾನು ಈಗ ಕೂಗಿದರೆ ಆ ಕಣ್ಣು ಮತ್ತೆ ತೆರೆಯುತ್ತದೆ, ಮತ್ತೆ ಬಾಗಿಲನ್ನು ನೋಡುತ್ತದೆ. ತುಟಿ ಕಚ್ಚಿಕೊಂಡು ನಿಂತೆ. ಆಚೆ ಮಗಳು ಕೇಳುತ್ತಲೇ ಇದ್ದಳು. ಬಾಗಿಲಿಗೆ ಬಾಯಿ ಹಚ್ಚಿ ಕೇಳಿದಳು, ಅಳುತ್ತ ಕೇಳಿದಳು. ನಾನು ಇಲ್ಲೇ ಇದ್ದೆ. ಇಲ್ಲೇ ಅದೀನಿ ಅನ್ನಲಿಲ್ಲ. ಅದಕ್ಕಿಂತ ಕಷ್ಟದ ಹೊತ್ತು ನನ್ನ ಜೀವನದಲ್ಲಿ ಬಂದಿಲ್ಲ.

ಆಯಿಯ ಉಸಿರು ನಿದ್ದೆಯ ಉಸಿರಾದ ಮೇಲೆ ಚಿಗವ್ವ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತಾವೇ ನನ್ನ ಕಾಲು ತೊಳೆದರು. "ಆ ಕಾಲಿಲೆ ಹೊರಗ ಹೋಗಬ್ಯಾಡ" ಎಂದರು. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಂದಿಯನ್ನು ಸುತ್ತಿಕೊಂಡು ಓಣಿಗೆ ಬಂದೆ. ಮಗಳು ಮೆಟ್ಟಿಲ ಮೇಲೆ ಪರಾತವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೆನ್ನ ಹಿಂದಿನಿಂದ ಬಂದ ನನ್ನನ್ನು ನೋಡಿ ಓಡಿ ಬರಲಿಲ್ಲ. ಬಾಗಿಲು ನೋಡಿದಳು, ತೊಳೆದ ನನ್ನ ಕಾಲು ನೋಡಿದಳು.

"ನೀ ಒಳಗ ಇದ್ದೆಲ್ಲ?" ಎಂದಳು.

ಆಯಿ ಮತ್ತೆ ಬಾಗಿಲಿನ ಕಡೆ ನೋಡಲಿಲ್ಲವಂತೆ. ನಿದ್ದೆ ಮಾಡಿದರಂತೆ, ಮಗು ನಿದ್ದೆ ಮಾಡುವ ಹಾಗೆ. ವಾರ ತುಂಬುವುದರೊಳಗೆ ಆ ನಿದ್ದೆಯಲ್ಲೇ ಹೋದರು. ಅವರನ್ನು ಹೊರಗೆ ತರಲು ಅಗಳಿಯನ್ನು ಮತ್ತೆ ಬಡಿದು ತೆಗೆಯಬೇಕಾಯಿತು. ಹೊತ್ತವರು ನನ್ನ ಸುಣ್ಣದ ಹೆಜ್ಜೆಗಳನ್ನು ತುಳಿಯದ ಹಾಗೆ ಅಂಚಿನಲ್ಲಿ ನಡೆದದ್ದನ್ನು ನಾನು ನೋಡಿದೆ. ಅವರಿಗೆ ಯಾರೂ ಹೇಳಿರಲಿಲ್ಲ.

ನರಗುಂದಕ್ಕೆ ಸುದ್ದಿ ಹೋಗದೆ ಇರುತ್ತದೆಯೇ? ಅವ್ವ ಫೋನಿನಲ್ಲೇ ಅತ್ತಳು. "ನಾ ಜೀವಂತ ಅದೀನಿ. ನೀ ಮತ್ತೊಬ್ಬಾಕಿಗೆ ಅವ್ವಾ ಅಂದು ಆಕೀ ಮನ್ಯಾಗ ಕಾಲಿಟ್ಟಿಯೇನ?" ಎಂದಳು. ಒಂದು ಜೀವ ಸಮಾಧಾನದಿಂದ ಹೋಯಿತಲ್ಲ ಎಂದೆ. ನಾನು ಮಾಡಿದ್ದು ತಪ್ಪು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ಆ ಹೊತ್ತು ಮತ್ತೆ ಬಂದರೆ ಮತ್ತೆ ನಡೆಯುತ್ತೇನೆ.

ಆದರೆ ಚಿಗವ್ವ ಇಡೀ ವರ್ಷ ಆ ನೆಲವನ್ನು ಒರೆಸಿಲ್ಲ. ಹಾಸುಗಲ್ಲಿನ ಮೇಲೆ ಹೆಜ್ಜೆಗಳು ಮಾಸಿವೆ, ಹೋಗಿಲ್ಲ. ಶಾಲೆಯಿಂದ ಬರುವಾಗ ಮಗಳು ಆ ಬಾಗಿಲಲ್ಲಿ ಒಂದು ಗಳಿಗೆ ನಿಂತು ಒಳಗೆ ನೋಡಿ ಬರುತ್ತಾಳೆ. ಮೊನ್ನೆ ಕೇಳಿದಳು: "ಅವ್ವಾ, ನೀ ಒಳಗ ಹೋಗಿದ್ದು ಐತಿ. ಹೊರಗ ಬಂದ ಹೆಜ್ಜಿ ಎಲ್ಲೆದಾವು?"

"ಹಿತ್ತಲ ಕಡಿಂದ ಬಂದ್ನೆಲ್ಲ, ಕಾಲು ತೊಳಕೊಂಡು" ಎಂದೆ. ಅವಳು ತಲೆ ಅಲ್ಲಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಸಂಜೆ ನಾನು ರೊಟ್ಟಿ ಬಡಿಯುವಾಗ ಅವಳು ಹೊರಗೆ ಕೂತು ಅಭ್ಯಾಸ ಮಾಡುತ್ತಾಳೆ. ನಡುನಡುವೆ ಪುಸ್ತಕದಿಂದ ತಲೆ ಎತ್ತದೆ ಕೇಳುತ್ತಾಳೆ: "ಅವ್ವಾ, ಎಲ್ಲಿ ಅದೀ?"

"ಇಲ್ಲೇ ಅದೀನಿ" ಅನ್ನುತ್ತೇನೆ, ಒಂದು ಚಣವೂ ತಡಮಾಡದೆ.

ಆದರೂ ಎದ್ದು ಅಡುಗೆಮನೆಯ ಬಾಗಿಲಿಗೆ ಬರುತ್ತಾಳೆ. ನನ್ನ ಮುಖ ನೋಡುವುದಿಲ್ಲ. ಕಾಲು ನೋಡಿ ಹೋಗುತ್ತಾಳೆ.